ಇಂಗ್ಲೆಂಡೇ ಗೆಲ್ಲೋದು ಅಂತ ಗೊತ್ತಿದ್ದೂ ಎಂತಕ್ಕೆ ನೋಡ್ತೀಯ?

ಏಪ್ರಿಲ್ ಬಂತು ಅಂದರೆ ಈ ಪ್ರಶ್ನೆಯೂ ಬಂತು. ಆಫೀಸಿನಲ್ಲಿ ಪಕ್ಕದಲ್ಲಿ ಕೂರುವವರು ಕೇಳುತ್ತಾರೆ, ಇಲ್ಲಿನ ಕನ್ನಡದ ಗೆಳೆಯರು ಕೇಳುತ್ತಾರೆ. ತೀರ್ಥಹಳ್ಳಿಯಿಂದ ಫೋನ್ ಮಾಡುವ ಭಾವ ಮಾತ್ರ ಸುತ್ತು ಬಳಸದೆ ಕೇಳುತ್ತಾರೆ: "ಅಲ್ಲಾ ಮಾರಾಯ, ಯಾರು ಗೆಲ್ತಾರೆ ಅಂತ ಮೊದಲೇ ಗೊತ್ತು. ಮತ್ತೆ ಎಂತಕ್ಕೆ ದುಡ್ಡು ಕೊಟ್ಟು ನೋಡೋಕೆ ಹೋಗ್ತೀಯ?"

ಅವರು ಹೇಳುತ್ತಿರುವುದು ಮಹಿಳೆಯರ ಸಿಕ್ಸ್ ನೇಷನ್ಸ್ ರಗ್ಬಿ ಬಗ್ಗೆ. ನಾನಿರುವುದು ವೇಲ್ಸ್‌ನ ಕಾರ್ಡಿಫ್‌ನಲ್ಲಿ. ಇಂಗ್ಲೆಂಡ್, ಫ್ರಾನ್ಸ್, ಐರ್ಲೆಂಡ್, ಸ್ಕಾಟ್ಲೆಂಡ್, ಇಟಲಿ, ವೇಲ್ಸ್. ಆರು ದೇಶ, ಪ್ರತಿಯೊಬ್ಬರೂ ಉಳಿದ ಐವರ ಜೊತೆ ಒಂದೊಂದು ಪಂದ್ಯ ಆಡುತ್ತಾರೆ. ಸೆಮಿಫೈನಲ್ಲೂ ಇಲ್ಲ, ಫೈನಲ್ಲೂ ಇಲ್ಲ. ಐದು ಸುತ್ತು ಮುಗಿದಾಗ ಪಾಯಿಂಟ್ ಯಾರದ್ದು ಜಾಸ್ತಿಯೋ ಅವರಿಗೆ ಕಪ್. ಭಾವ ಹೇಳುವುದು ಸುಳ್ಳಂತೂ ಅಲ್ಲ. 2019ರಿಂದ 2025ರವರೆಗೆ ಏಳಕ್ಕೆ ಏಳೂ ಕಪ್ ಇಂಗ್ಲೆಂಡ್‌ಗೇ ಹೋಗಿವೆ. ಅದಕ್ಕೆ ಮುಂಚೆ ಬೇರೆಯವರು ಗೆದ್ದಿದ್ದು 2018ರಲ್ಲಿ, ಫ್ರಾನ್ಸ್.

ಭಾವನಿಗೆ ನಾನು ಮೊದಲು ಕೊಡುವುದು ತರಲೆ ಉತ್ತರ. 18 ವರ್ಷ 'ಈ ಸಲ ಕಪ್ ನಮ್ದೇ' ಅಂತ ಟಿವಿ ಮುಂದೆ ಕೂತವರು ನೀವು, ನನ್ನನ್ನು ಕೇಳ್ತೀರಾ? ಅಷ್ಟು ಹೇಳಿದರೆ ಅವರು ನಕ್ಕು ಸುಮ್ಮನಾಗುತ್ತಾರೆ. ಆದರೆ ಇದು ಪೂರ್ತಿ ಉತ್ತರ ಅಲ್ಲ. ನಾನು ಪಟ್ಟಿಯ ಮೊದಲ ಸಾಲು ನೋಡುವುದೇ ಕಡಿಮೆ. ಎರಡರಿಂದ ಆರರವರೆಗೆ ನೋಡುತ್ತೇನೆ. ನನ್ನ ಟೂರ್ನಿ ಇರುವುದು ಅಲ್ಲಿ.

2024ರ ಏಪ್ರಿಲ್ 27 ತೆಗೆದುಕೊಳ್ಳಿ. ಕೊನೆಯ ಸುತ್ತು, ಕಾರ್ಡಿಫ್‌ನ ಪ್ರಿನ್ಸಿಪಾಲಿಟಿ ಸ್ಟೇಡಿಯಂ, ವೇಲ್ಸ್ ಮತ್ತು ಇಟಲಿ. ವೇಲ್ಸ್ ಆವರೆಗೆ ಆಡಿದ ನಾಲ್ಕರಲ್ಲಿ ನಾಲ್ಕೂ ಸೋತಿತ್ತು. ಆ ಸ್ಟೇಡಿಯಂನಲ್ಲಿ ಎಪ್ಪತ್ತು ಸಾವಿರಕ್ಕಿಂತ ಜಾಸ್ತಿ ಜನ ಹಿಡಿಸುತ್ತಾರೆ. ಅವತ್ತು ಬಂದವರು ಹತ್ತು ಸಾವಿರದ ಆಸುಪಾಸು. ಮದುವೆ ಛತ್ರದಲ್ಲಿ ನಾಮಕರಣ ಇಟ್ಟುಕೊಂಡ ಹಾಗೆ. ಆದರೆ ಖಾಲಿ ಜಾಗ ಇದ್ದರೆ ಒಂದು ಅನುಕೂಲ ಇದೆ, ಆಟದ ಸದ್ದು ಕೇಳುತ್ತದೆ. ಸ್ಕ್ರಮ್‌ಗೆ ಎರಡೂ ಕಡೆಯ ಎಂಟೆಂಟು ಜನ ಹೆಗಲಿಗೆ ಹೆಗಲು ಕೊಟ್ಟು ಬಗ್ಗುತ್ತಾರೆ. ರೆಫರಿ 'ಕ್ರೌಚ್' ಅನ್ನುತ್ತಾರೆ, 'ಬೈಂಡ್' ಅನ್ನುತ್ತಾರೆ. 'ಸೆಟ್' ಅಂದ ಕೂಡಲೇ ಒಂದು ಸದ್ದು ಬರುತ್ತದಲ್ಲ, ಲಾರಿಯಿಂದ ಅಡಿಕೆ ಮೂಟೆ ನೆಲಕ್ಕೆ ಬಿದ್ದ ಸದ್ದು. ಟಿವಿಯಲ್ಲಿ ಅದು ಬರುವುದೇ ಇಲ್ಲ. ಆಮೇಲೆ ಎರಡು ಸೆಕೆಂಡ್ ಯಾರೂ ಅಲ್ಲಾಡುವುದಿಲ್ಲ. ಎಲ್ಲರ ಬೂಟು ಹುಲ್ಲಿನಲ್ಲಿ ಒಂದೊಂದೇ ಇಂಚು ಹೂತುಕೊಳ್ಳುತ್ತಾ ಹೋಗುತ್ತದೆ.

ವೇಲ್ಸ್ ಕೊನೆ ಗಳಿಗೆಯಲ್ಲಿ ಒಂದು ಟ್ರೈ, ಅಂದರೆ ಗೆರೆ ದಾಟಿ ಐದು ಪಾಯಿಂಟ್, ಹೊಡೆದು 22–20ಕ್ಕೆ ಗೆದ್ದಿತು. ನನ್ನ ಹಿಂದಿನ ಸಾಲಿನ ಅಜ್ಜ ಒಬ್ಬರು ಪರಿಚಯವೇ ಇಲ್ಲದ ನನ್ನ ಬೆನ್ನಿಗೆ ಗುದ್ದಿದರು. ಅಷ್ಟೆಲ್ಲ ಆಗಿ, ಪಟ್ಟಿ ನೋಡಿದರೆ ವೇಲ್ಸ್ ಇನ್ನೂ ಕೊನೆಗೇ ಇದೆ! ಇಟಲಿಗೂ ಒಂದೇ ಗೆಲುವು, ವೇಲ್ಸ್‌ಗೂ ಒಂದೇ ಗೆಲುವು, ಆದರೆ ಸ್ವಲ್ಪದರಲ್ಲಿ ಸೋತರೂ ಸಿಗುವ ಬೋನಸ್ ಪಾಯಿಂಟ್ ಇಟಲಿಗೆ ಜಾಸ್ತಿ. ತಾನೇ ಸೋಲಿಸಿದ ತಂಡದ ಕೆಳಗೇ ನಮ್ಮ ತಂಡ.

ಕೊನೆ ಬಂದವರಿಗೆ ಇಲ್ಲಿ 'ವುಡನ್ ಸ್ಪೂನ್' ಅನ್ನುತ್ತಾರೆ, ಮರದ ಸೌಟು. ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಸೌಟಾದ್ರೂ ಕೊಡ್ತಾರಾ?" ಕೊಡುವುದಿಲ್ಲ ಅಂದೆ. "ಮತ್ತೆ ಬಾಯಲ್ಲಿ ಹೇಳಿ ಎಂತ ಪ್ರಯೋಜನ" ಅಂದಳು.

ಅಮ್ಮ ಒಂದು ಸಲ ಇಲ್ಲಿಗೆ ಬಂದಿದ್ದಾಗ ನನ್ನ ಜೊತೆ ಕೂತು ಪೂರ್ತಿ 80 ನಿಮಿಷ ನೋಡಿದ್ದಾಳೆ. ಎದುರಾಳಿಯನ್ನು ಕೆಡವುವುದು ಕಬಡ್ಡಿ ನೋಡಿದವಳಿಗೆ ತಕ್ಷಣ ಅರ್ಥ ಆಯಿತು. ಗೆರೆ ದಾಟಿ ಚೆಂಡು ನೆಲಕ್ಕೆ ಒತ್ತಿದರೆ ಟ್ರೈ, ಅದಕ್ಕೆ 5 ಪಾಯಿಂಟ್, ಆಮೇಲೆ ಕಂಬದ ನಡುವೆ ಒದ್ದರೆ ಇನ್ನೆರಡು, ಅದು ಕನ್ವರ್ಶನ್. ಅದೂ ಸರಿ. ಆದರೆ ಮುಂದೆ ಹೋಗಬೇಕಾದವರು ಚೆಂಡನ್ನು ಕೈಯಿಂದ ಹಿಂದಕ್ಕೇ ಎಸೆಯಬೇಕು ಅನ್ನುವುದನ್ನು ಅವಳು ಇವತ್ತಿಗೂ ಒಪ್ಪಿಲ್ಲ.

ಈಗ ಇಂಗ್ಲೆಂಡ್ ವಿಷಯ. ಅವರೇ ಯಾಕೆ ಗೆಲ್ಲುತ್ತಾರೆ? ಅವರು ಹುಟ್ಟಾ ಗಟ್ಟಿಗಿತ್ತಿಯರು ಅಂತ ಅಲ್ಲ. ಇದರಲ್ಲಿ ದೊಡ್ಡ ಪಾಲು ಸಂಬಳದ್ದು. ಇಂಗ್ಲೆಂಡ್ 2019ರ ಜನವರಿಯಲ್ಲಿ 28 ಆಟಗಾರ್ತಿಯರಿಗೆ ಪೂರ್ಣಾವಧಿ ಕೆಲಸ ಕೊಟ್ಟಿತು. ಅಂದರೆ ರಗ್ಬಿ ಆಡುವುದೇ ಅವರ ನೌಕರಿ. ಏಳು ಕಪ್‌ಗಳ ಸಾಲು ಶುರುವಾಗಿದ್ದು ಅದೇ ವರ್ಷ, ಅಲ್ವಾ? ವೇಲ್ಸ್ ಮೊದಲ ಸಲ 12 ಜನರಿಗೆ ಹಾಗೆ ಸಂಬಳ ಕೊಟ್ಟಿದ್ದು 2022ರ ಜನವರಿಯಲ್ಲಿ. ನಡುವೆ ಮೂರು ವರ್ಷ. ಆ ಮೂರು ವರ್ಷ ಒಂದು ಕಡೆಯವರು ಬೆಳಗ್ಗೆ ಎದ್ದು ತಾಲೀಮಿಗೆ ಹೋಗುತ್ತಿದ್ದರು, ಇನ್ನೊಂದು ಕಡೆಯವರು ಕೆಲಸ ಮುಗಿಸಿಕೊಂಡು ಹೋಗುತ್ತಿದ್ದರು.

ಇದರ ಫಲ ಕಣ್ಣಿಗೆ ಕಂಡಿದ್ದು ಐರ್ಲೆಂಡ್ ಪಂದ್ಯದಲ್ಲಿ. 2021ರ ಏಪ್ರಿಲ್‌ನಲ್ಲಿ ಐರ್ಲೆಂಡ್ ಇಲ್ಲಿಗೇ ಬಂದು ವೇಲ್ಸ್‌ಗೆ 45–0 ಬಾರಿಸಿ ಹೋಗಿತ್ತು. ಮರುವರ್ಷ ಮಾರ್ಚ್‌ನಲ್ಲಿ, ಸಂಬಳ ಶುರುವಾಗಿ ಮೂರೂ ತಿಂಗಳು ಆಗಿರಲಿಲ್ಲ, ಅದೇ ವೇಲ್ಸ್ ಡಬ್ಲಿನ್‌ಗೆ ಹೋಗಿ ಅದೇ ಐರ್ಲೆಂಡನ್ನು 27–19ಕ್ಕೆ ಸೋಲಿಸಿತು. ಆ ವರ್ಷ ನಾವು ಮೂರನೇ ಸ್ಥಾನ.

ಆಮೇಲೆ ಐರ್ಲೆಂಡ್‌ನವರಿಗೂ ಬಿಸಿ ಮುಟ್ಟಿತು. 2022ರ ಕೊನೆಯಲ್ಲಿ ಅವರೂ ಸಂಬಳ ಕೊಡಲು ಶುರು ಮಾಡಿದರು. ದುಡ್ಡು ಹಾಕಿದ ಮಾತ್ರಕ್ಕೆ ಮರುದಿನವೇ ಫಸಲು ಬರುವುದಿಲ್ಲ. 2023ರಲ್ಲಿ ಐದಕ್ಕೆ ಐದೂ ಸೋತು ಸೌಟು ಅವರ ಪಾಲಾಯಿತು. 2024ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಸ್ಕಾಟ್ಲೆಂಡನ್ನು 15–12ಕ್ಕೆ ಸೋಲಿಸಿ ಮೂರನೇ ಸ್ಥಾನಕ್ಕೆ ಬಂದರು. ವಿಶ್ವಕಪ್ ಜಾಗವೂ ಸಿಕ್ಕಿತು. ಅದೇ ಸೆಪ್ಟೆಂಬರ್‌ನಲ್ಲಿ ಕೆನಡಾದಲ್ಲಿ ನಡೆದ ಇನ್ನೊಂದು ಟೂರ್ನಿಯಲ್ಲಿ ನ್ಯೂಜಿಲೆಂಡನ್ನೇ 29–27ಕ್ಕೆ ಕೆಡವಿದರು. ಆಗಿನ ವಿಶ್ವ ಚಾಂಪಿಯನ್ ತಂಡ ಅದು! ಎರಡು ವರ್ಷದ ಒಳಗೆ ಇಷ್ಟು ಏರಿಳಿತ. ಮೊದಲ ಸಾಲು ಮಾತ್ರ ನೋಡುವ ಭಾವನಿಗೆ ಇದರಲ್ಲಿ ಒಂದೂ ಕಾಣುವುದಿಲ್ಲ.

ಇಲ್ಲೇ ಒಂದು ಸಿಟ್ಟು ಹೇಳಿಬಿಡುತ್ತೇನೆ. ಈ ಟೂರ್ನಿ 1996ರಲ್ಲಿ ಶುರುವಾದಾಗ ನಾಲ್ಕೇ ತಂಡ ಇದ್ದವು, 1999ರಲ್ಲಿ ಫ್ರಾನ್ಸ್ ಸೇರಿತು, ಮರುವರ್ಷ ಸ್ಪೇನ್. 2007ರಲ್ಲಿ ಸ್ಪೇನನ್ನು ಬಿಟ್ಟು ಇಟಲಿಯನ್ನು ತೆಗೆದುಕೊಂಡರು. ಯಾಕೆ ಅಂದರೆ ಗಂಡಸರ ಟೂರ್ನಿಯಲ್ಲಿ ಇರುವುದು ಇಟಲಿ. ಹೆಂಗಸರ ಆಟದಲ್ಲಿ ಯಾರು ಆಡಬೇಕು ಅನ್ನುವುದನ್ನು ಗಂಡಸರ ಪಟ್ಟಿ ನೋಡಿ ತೀರ್ಮಾನಿಸಿದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ನಮ್ಮವರು ಕೇಳುವ ಉಪಪ್ರಶ್ನೆ ಒಂದಿದೆ, ಇಂಡಿಯಾಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ ಅಂತ. ಗಂಡಸರ ಪಂದ್ಯದಲ್ಲಿ ಇದೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಂಡಸರು ಆಡುವುದು ಕಲ್ಕತ್ತಾ ಕಪ್‌ಗೆ. ಅಲ್ಲಿನ ರಗ್ಬಿ ಕ್ಲಬ್ 1878ರಲ್ಲಿ ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಕಪ್ ಅದು. ಹಿಡಿಕೆಗೆ ನಾಗರಹಾವು, ಮುಚ್ಚಳದ ಮೇಲೆ ಆನೆ. ನಮ್ಮ ರೂಪಾಯಿಯೂ ಗಂಡಸರ ಕಡೆಗೇ ಹೋಯಿತು ನೋಡಿ.

ಹಾಗಂತ ಮೊದಲ ಸಾಲು ಯಾವಾಗಲೂ ಸಪ್ಪೆ ಅಂತಲೂ ಅಲ್ಲ. 2025ರ ಏಪ್ರಿಲ್ 26ರಂದು ಟ್ವಿಕನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್. ಮೊದಲರ್ಧದಲ್ಲಿ ಇಂಗ್ಲೆಂಡ್ ಓಡಿದ ರಭಸ ನೋಡಿ ನಾನು ಚಹಾ ಮಾಡೋಣ ಅಂತ ಎದ್ದಿದ್ದೆ. ಫ್ರಾನ್ಸ್ ಬಿಡಲಿಲ್ಲ. ಒಂದು ಟ್ರೈ, ಇನ್ನೊಂದು ಟ್ರೈ, ಕೊನೆ ಕೊನೆಗೆ ಮತ್ತೂ ಒಂದು. ಮುಗಿದಾಗ 43–42. ಏಳನೇ ಕಪ್ ಇಂಗ್ಲೆಂಡ್‌ಗೆ ಸಿಕ್ಕಿದ್ದು ಒಂದೇ ಒಂದು ಪಾಯಿಂಟಿನಲ್ಲಿ. ನನ್ನ ಚಹಾ ಉಕ್ಕಿ ಒಲೆಯೆಲ್ಲ ಆಗಿತ್ತು.

ನಮ್ಮ ತಂಡ ಇಂಗ್ಲೆಂಡನ್ನು ಕೊನೆಗೆ ಸೋಲಿಸಿದ್ದು 2015ರಲ್ಲಿ, ಸ್ವಾನ್ಸಿಯಲ್ಲಿ, 13–0. ನಾನಾಗ ಈ ದೇಶಕ್ಕೇ ಬಂದಿರಲಿಲ್ಲ. 2025ರ ಮಾರ್ಚ್ 29ರಂದು ಅದೇ ಇಂಗ್ಲೆಂಡ್ ಕಾರ್ಡಿಫ್‌ಗೆ ಬಂತು. ಈ ಸಲ ಇಪ್ಪತ್ತೊಂದು ಸಾವಿರ ಜನ. ವೇಲ್ಸ್‌ನಲ್ಲಿ ಹೆಂಗಸರ ಯಾವ ರಗ್ಬಿ ಪಂದ್ಯಕ್ಕೂ ಅಷ್ಟು ಜನ ಸೇರಿರಲಿಲ್ಲ. 67–12ಕ್ಕೆ ಸೋತೆವು. ಆ 12 ಅಂದರೆ ಎರಡು ಟ್ರೈ, ಒಂದು ಕನ್ವರ್ಶನ್. ಎರಡೂ ಟ್ರೈಗೆ ಜನ ಎದ್ದು ಕೂಗಿದ ರೀತಿ ನೋಡಿದ್ದರೆ ಗೆಲ್ಲುತ್ತಿರುವುದು ನಾವೇ ಅಂದುಕೊಳ್ಳಬೇಕು.

ಮನೆಗೆ ನಡೆದು ಹೋಗುತ್ತಿದ್ದಾಗ ಭಾವನ ಮೆಸೇಜು ಬಂತು: "ಹೇಳಿದ್ನಾ ಇಲ್ವಾ?" ಅದರ ಕೆಳಗೇ ಅಮ್ಮನದ್ದು. ಸೌಟು ಈ ವರ್ಷವೂ ನಮಗೇನಾ ಅಂತ ಕೇಳಿದ್ದಳು. ಇನ್ನೂ ಮೂರು ಪಂದ್ಯ ಇದೆ ಅಮ್ಮ, ತಡಿ ಅಂತ ಬರೆದೆ.

ನಮಗೇ ಬಂತು.