ಪಾಲೋ ಸಾಸೋ: ಒಂದು ಗೊಣಗಾಟದ ಬೆನ್ನು ಹತ್ತಿ, ಭಾಗ 3

ಕೊನೆಗೂ ಗಂಟು ಬಿಚ್ಚಿತು. ಬಿಚ್ಚಿದ್ದು ಕಿವಿಯಲ್ಲ, ಸ್ಪೆಕ್ಟ್ರೋಗ್ರಾಮ್, ಅಂದರೆ ಧ್ವನಿಯ ಏರಿಳಿತಗಳನ್ನು ಕಣ್ಣಿಗೆ ತೋರಿಸುವ ಚಿತ್ರ.

ಬೀಟಲ್ಸ್‌ನ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡಿನ ಬಾಲದಲ್ಲಿ ಜಾನ್ ಲೆನನ್ ಏನೋ ಗೊಣಗುತ್ತಾರಲ್ಲ, ಅದು ‘ಐ ಬರೀಡ್ ಪಾಲ್’ (ನಾನು ಪಾಲ್‌ನನ್ನು ಹೂಳಿದೆ) ಎಂದೋ ‘ಕ್ರ್ಯಾನ್‌ಬೆರಿ ಸಾಸ್’ (ಒಂದು ಹಣ್ಣಿನ ಗೊಜ್ಜು) ಎಂದೋ? 1969ರ ಅಕ್ಟೋಬರ್ 12ರಂದು ಡೆಟ್ರಾಯ್ಟ್‌ನ ರೇಡಿಯೊ ನಿರೂಪಕ ರಸ್ ಗಿಬ್‌ಗೆ ಬಂದ ಆ ಫೋನ್ ಕರೆ, ಅದರಿಂದ ಹಬ್ಬಿದ, ತಂಡದ ಪಾಲ್ ಮೆಕಾರ್ಟ್ನಿ ಸತ್ತಿದ್ದಾರೆ, ಹಾಡುಗಳಲ್ಲೇ ಅದರ ಸುಳಿವಿದೆ ಎಂಬ ಗಾಳಿಸುದ್ದಿ, ಪಾಲ್ ಬದುಕಿದ್ದಾರೆಂದು ಸಾರಿದ ನವೆಂಬರ್ 7ರ ‘ಲೈಫ್’ ಪತ್ರಿಕೆಯ ಮುಖಪುಟ, ಇವೆಲ್ಲ ಇಲ್ಲಿಗೆ ಬರುವವರಿಗೆ ಬಾಯಿಪಾಠ. ತಾವು ಹೇಳಿದ್ದು ‘ಕ್ರ್ಯಾನ್‌ಬೆರಿ ಸಾಸ್’ ಎಂದು ಲೆನನ್ 1980ರ ಸಂದರ್ಶನದಲ್ಲಿ ಹೇಳಿಯೂ ಇದ್ದರು. ಆದರೆ ಈ ಕೆಲಸದ ಪಣವೇ ಬೇರೆ: ಯಾರ ಮಾತನ್ನೂ ನಂಬದೆ, ಧ್ವನಿಯಲ್ಲೇ ಪುರಾವೆ ಹುಡುಕುವುದು.

ಕಳೆದ ಸಲ ಕೆಲಸ ಕೆಟ್ಟದ್ದು ಎಲ್ಲಿ ಎಂದರೆ, ಕೇಳುಗರಿಗೆ ಮೊದಲೇ ಪದ ತೋರಿಸಿದ್ದರಲ್ಲಿ. ‘ಪಾಲ್’ ಎಂದು ಬರೆದು ತೋರಿಸಿದರೆ ಪಾಲ್ ಕೇಳುತ್ತದೆ, ‘ಸಾಸ್’ ಎಂದರೆ ಸಾಸ್. ಕಿವಿಯ ತಪ್ಪಲ್ಲ ಇದು. ಎರಡೂ ವಾಕ್ಯಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಇಂಗ್ಲಿಷಿನಲ್ಲಿ ಹೂಳುವುದಕ್ಕೂ ಹಣ್ಣಿಗೂ ಉಚ್ಚಾರ ಒಂದೇ, ‘ಬೆರಿ’. ಪಾಲ್, ಸಾಸ್ ಎರಡರ ನಡುವಿನ ಸ್ವರವೂ ಒಂದೇ. ನಡುಭಾಗ ಪೂರ್ತಿ ಹೊಂದಿಕೊಂಡಿರುವಾಗ ಅಲ್ಲೇ ಕಿವಿಯಾನಿಸಿ ಕೂತರೆ ತೀರ್ಮಾನ ಎಲ್ಲಿಂದ ಬರಬೇಕು? ಪುರಾವೆ ಇರುವುದು ವ್ಯಂಜನಗಳಲ್ಲಿ ಮಾತ್ರ.

ನಮ್ಮ ವರ್ಣಮಾಲೆಯ ಪಾಠ ಇಲ್ಲಿ ನೇರ ಉಪಯೋಗಕ್ಕೆ ಬಂತು. ‘ಪ’ ಸ್ಪರ್ಶಾಕ್ಷರ: ತುಟಿ ಮುಚ್ಚಿದ ಕ್ಷಣ ಧ್ವನಿ ನಿಲ್ಲುತ್ತದೆ, ಆಮೇಲೆ ಸಿಡಿಯುತ್ತದೆ. ‘ಬರೀಡ್ ಪಾಲ್’ನಲ್ಲಿ ‘ಡ್’ ಬೆನ್ನಿಗೇ ‘ಪ್’ ಬರುವುದರಿಂದ ಎರಡು ತಡೆ ಸೇರಿ ಒಂದು ಖಾಲಿ ಜಾಗ ಕಾಣಲೇಬೇಕು. ‘ಸ’ ಊಷ್ಮಾಕ್ಷರ: ಉಸಿರು ನಿಲ್ಲುವುದೇ ಇಲ್ಲ, ‘ರಿ’ಯಿಂದ ನೇರ ಸುಸ್ಸೆನ್ನುವ ಸದ್ದಿಗೆ ಜಾರುತ್ತದೆ, ಸ್ವರ ಮುಗಿದ ಮೇಲೆ ಮತ್ತೊಮ್ಮೆ ಸುಸ್ಸೆನ್ನುತ್ತದೆ. ಅಂದರೆ ಹುಡುಕಬೇಕಾದದ್ದು ಇಷ್ಟೇ: ಸ್ವರದ ಮುಂಚೆ ಖಾಲಿ ಜಾಗವೋ ಸುಸ್ಸೋ, ಸ್ವರದ ನಂತರ ‘ಲ್’ನ ಮಂದ ಪಟ್ಟಿಯೋ ಸುಮಾರು 4ರಿಂದ 8 ಕಿಲೋಹರ್ಟ್ಸ್‌ನ ದಟ್ಟ ಮಬ್ಬೋ.

ಕೇಳಲು ಸುಲಭ. ಆದರೆ ಅದೇ 4–8 ಕಿಲೋಹರ್ಟ್ಸ್‌ನಲ್ಲಿ ಡ್ರಮ್ ಜತೆಗಿನ ಸಿಂಬಲ್‌ಗಳು (ಕೋಲಿನಿಂದ ಬಾರಿಸುವ ಲೋಹದ ತಟ್ಟೆಗಳು) ಠಿಕಾಣಿ ಹೂಡಿವೆ. ಮೂರು ವಾರ ತಿಂದದ್ದು ಇದೇ.

ಮೊದಲು ಮೂಲದ ಆಯ್ಕೆ. 128 ಕೆಬಿಪಿಎಸ್‌ನ ಎಂಪಿ3 ಮುಟ್ಟಲೇಬೇಡಿ. ಸಿಂಬಲ್ ಮತ್ತು ‘ಸ’ಕಾರವನ್ನು ಅದು ಒಟ್ಟಿಗೆ ಕಲಸಿಬಿಡುತ್ತದೆ. 7 ಇಂಚಿನ ಸಿಂಗಲ್‌ಗೆ, ಅಂದರೆ ಬದಿಗೊಂದೇ ಹಾಡಿರುವ ಚಿಕ್ಕ ಗ್ರಾಮಫೋನ್ ಡಿಸ್ಕಿಗೆ, ಬೇರೆಯದೇ ಕಾಯಿಲೆ. ನಾಲ್ಕು ನಿಮಿಷ ದಾಟಿದ ಹಾಡಿನ ಬಾಲ ಡಿಸ್ಕಿನ ಒಳ ಅಂಚಿಗೆ ಬಂದು ನಿಲ್ಲುತ್ತದೆ. ಅಲ್ಲಿ ಸೂಜಿಯ ಕೆಳಗೆ ಗ್ರೂವ್ (ಹಾಡು ಕೊರೆದಿರುವ ಗೀರು) ಓಡುವುದು ಸೆಕೆಂಡಿಗೆ ಸುಮಾರು 26 ಸೆಂಟಿಮೀಟರ್, ಹೊರ ಅಂಚಿನಲ್ಲಾದರೆ 40ರ ಹತ್ತಿರ. ಸಣ್ಣ ಅಲೆಗಳು ಇಕ್ಕಟ್ಟಾಗಿ ‘ಸ’ಕಾರ ಗೊರಗೊರ ಅನ್ನುತ್ತದೆ. ‘ಮ್ಯಾಜಿಕಲ್ ಮಿಸ್ಟರಿ ಟೂರ್’ ಎಲ್‌ಪಿಯಲ್ಲಿ (ಹಲವು ಹಾಡುಗಳ ದೊಡ್ಡ ಡಿಸ್ಕ್) ಇದೇ ಹಾಡು ಎರಡನೇ ಬದಿಯ ಎರಡನೇ ಟ್ರ್ಯಾಕ್, ಗ್ರೂವ್ ಇನ್ನೂ ಆರಾಮಾಗಿರುವ ಜಾಗ. ಡಿಸ್ಕೇ ಬೇಕೆಂದರೆ ಅದನ್ನು ಹಿಡಿಯಿರಿ.

ಡಿಸ್ಕ್ ಮಾರುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಮೋನೊ’ (ಎಡ, ಬಲ ಎರಡೂ ಚಾನೆಲ್‌ನಲ್ಲಿ ಒಂದೇ ಧ್ವನಿ) ಎಂದು ಬರೆದು ಸ್ಟೀರಿಯೊ (ಎರಡರಲ್ಲೂ ಬೇರೆಬೇರೆ ಧ್ವನಿ) ಮರುಮುದ್ರಣ ಕಳಿಸುವುದು ಶುದ್ಧ ಅನ್ಯಾಯ. ಬಂದ ಕೂಡಲೇ ಒಂದು ಚಾನೆಲ್ ತಿರುವುಮುರುವು ಮಾಡಿ ಇನ್ನೊಂದಕ್ಕೆ ಕೂಡಿಸಿ. ನಿಜವಾದ ಮೋನೊ ಆದರೆ ಚಿಟಪಟ ಮತ್ತು ತೆಳು ಗುಸುಗುಸು ಮಾತ್ರ ಉಳಿಯಬೇಕು. ಡ್ರಮ್ ಕೇಳಿಸಿದರೆ ವಾಪಸ್ ಕಳಿಸಿ.

ಎರಡನೇ ತೊಡಕು ವೇಗದ್ದು. ಈ ಹಾಡು ಎರಡು ಬೇರೆಬೇರೆ ರೆಕಾರ್ಡಿಂಗ್‌ಗಳ ಬೆಸುಗೆ. 1966ರ ಡಿಸೆಂಬರ್ 22ರಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಧ್ವನಿ ಎಂಜಿನಿಯರ್ ಜೆಫ್ ಎಮರಿಕ್ ಟೇಕ್ 7ನ್ನು (ಏಳನೇ ಸಲದ ರೆಕಾರ್ಡಿಂಗ್) ವೇಗಗೊಳಿಸಿ, ಟೇಕ್ 26ನ್ನು ನಿಧಾನಗೊಳಿಸಿ, ಸುಮಾರು 60ನೇ ಸೆಕೆಂಡಿನಲ್ಲಿ ಜೋಡಿಸಿದರು. ಬಾಲ ಇರುವುದು ನಿಧಾನವಾದ ಭಾಗದಲ್ಲಿ. ಟೇಪ್ ನಿಧಾನವಾದರೆ ಶ್ರುತಿಯೂ ಇಳಿಯುತ್ತದೆ, ‘ಸ’ಕಾರದ ಮಬ್ಬೂ ಕೆಳಗೆ ಸರಿಯುತ್ತದೆ. ಆದ್ದರಿಂದ ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಟೆಂಪೊ (ಶ್ರುತಿ ಬಿಟ್ಟು ವೇಗ) ಮಾತ್ರ ಬದಲಿಸುವ ಆಯ್ಕೆ ಪೂರ್ತಿ ತಪ್ಪು. ಶ್ರುತಿ, ವೇಗ ಎರಡನ್ನೂ ಒಟ್ಟಿಗೆ ಏರಿಸುವ ‘ಚೇಂಜ್ ಸ್ಪೀಡ್’ ಬೇಕು. ಅರ್ಧ ಸ್ವರ ಎಂದರೆ 5.95 ಶೇಕಡಾ ಎಂಬುದನ್ನು ನೆನಪಿಟ್ಟುಕೊಂಡು, ಅರ್ಧರ್ಧ ಶೇಕಡಾ ಏರಿಸುತ್ತ ಹೋಗಿ.

ಎಷ್ಟರಲ್ಲಿ ನಿಲ್ಲಿಸಬೇಕು? ಬೀಗದ ಕೈ ಸಿಕ್ಕಿದ್ದು ಇಲ್ಲೇ. ಬೀಟಲ್ಸ್‌ನ ಹಳೆಯ ರೆಕಾರ್ಡಿಂಗ್‌ಗಳ ಸಂಗ್ರಹವಾದ 1996ರ ‘ಆಂಥಾಲಜಿ 2’ರಲ್ಲಿ ಟೇಕ್ 7ರ ಹಿಂದೆ ಈ ಡ್ರಮ್ ಬಾಲವನ್ನೂ ಹಾಕಿದ್ದಾರೆ. ಮಾತು ಅಲ್ಲಿ ಮಂಜಿಲ್ಲದೆ ಕೇಳುತ್ತದೆ. ಅದರಲ್ಲಿ ಮಾತಿನ ಆಚೀಚೆಯ ಎರಡು ಡ್ರಮ್ ಪೆಟ್ಟುಗಳ ಅಂತರವನ್ನು ಮಿಲಿಸೆಕೆಂಡಿನಲ್ಲಿ ಅಳೆಯಿರಿ. ಹಳೆಯ ಮಿಶ್ರಣದಲ್ಲಿ, ಅಂದರೆ ಮೊದಲು ಬಿಡುಗಡೆಯಾದ ಹಾಡಿನಲ್ಲಿ, ಅದೇ ಪೆಟ್ಟುಗಳನ್ನು ಗುರುತಿಸಿ, ಅಂತರ ಸಮವಾಗುವವರೆಗೆ ವೇಗ ಏರಿಸಿ. ಪೆಟ್ಟುಗಳು ಒಂದರ ಮೇಲೊಂದು ಕೂತವೆಂದರೆ ಮಾತೂ ಕೂರುತ್ತದೆ. ಹಾಡು ಕರಗುತ್ತ ಹೋಗುವ ಭಾಗವಾದ್ದರಿಂದ ಅಷ್ಟೇ ಇಳಿಜಾರಿನಲ್ಲಿ ಗೇನ್ (ಧ್ವನಿಯ ಮಟ್ಟ) ಏರಿಸಬೇಕು, ಇಲ್ಲದಿದ್ದರೆ ಕೊನೆಯ ವ್ಯಂಜನ ಮುಳುಗಿಹೋಗುತ್ತದೆ. ಸ್ಪೆಕ್ಟ್ರೋಗ್ರಾಮ್ ವಿಂಡೋ (ಒಂದು ಸಲಕ್ಕೆ ಅಳೆಯುವ ಧ್ವನಿಯ ತುಣುಕು) 256 ಸ್ಯಾಂಪಲ್ ಸಾಕು, 44.1 ಕಿಲೋಹರ್ಟ್ಸ್‌ನಲ್ಲಿ ಸುಮಾರು 6 ಮಿಲಿಸೆಕೆಂಡ್. 2048 ಇಟ್ಟರೆ ‘ಪ’ದ ಖಾಲಿ ಜಾಗ ಇದ್ದರೂ ಒರಸಿಹೋಗುತ್ತದೆ, ಮೊದಲ ವಾರದ ಚಿತ್ರಗಳೆಲ್ಲ ಹಾಳಾದದ್ದು ಹೀಗೆ.

‘ಆಂಥಾಲಜಿ’ಯದು, ಹಳೆಯ ಮಿಶ್ರಣದ್ದು, ಎರಡೂ ಚಿತ್ರಗಳನ್ನು ಮೇಲೆ ಕೆಳಗೆ ಇಟ್ಟಾಗ ‘ರಿ’ ಆದಮೇಲೆ ಖಾಲಿ ಜಾಗವಿಲ್ಲ. ಸ್ವರದ ಹಿಂದೆ ಒಂದು ಮಬ್ಬು, ಮುಂದೆ ಇನ್ನೊಂದು. ಹಳೆಯ ಮಿಶ್ರಣದಲ್ಲಿ ಮೊದಲನೆಯದು ಸಿಂಬಲ್‌ಗೆ ಅಂಟಿಕೊಂಡಿದೆ, ಒಂಟಿಯಾಗಿ ನೋಡಿದರೆ ಒಪ್ಪಿಸುವುದು ಕಷ್ಟ. ಎರಡನೆಯದು ತಾನಾಗಿಯೇ ನಿಲ್ಲುತ್ತದೆ. ಸಿಂಬಲ್ ಮೆಲ್ಲಗೆ ಆರುತ್ತದೆ, ಇದು ಫಕ್ಕನೆ ಶುರುವಾಗಿ ಫಕ್ಕನೆ ಮುಗಿಯುತ್ತದೆ. ಅದು ಸಾಸ್.

ಹೊಸ ಕಟ್ಟುಕತೆ ಹುಟ್ಟದಿರಲಿ ಎಂದು ಇದನ್ನೂ ಬರೆದಿಡಬೇಕು. ಈ ಹಾಡಿನ ರೆಕಾರ್ಡಿಂಗ್ ಶುರುವಾದ 1966ರ ನವೆಂಬರ್ 24 ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ದಿನವೇ, ಆ ಊಟಕ್ಕೆ ಕ್ರ್ಯಾನ್‌ಬೆರಿ ಸಾಸ್ ಇರಲೇಬೇಕು. ಎಷ್ಟು ಚೆನ್ನಾಗಿ ಹೊಂದುತ್ತದೆ! ಆದರೆ ಕೆಲಸ ನಡೆದದ್ದು ಲಂಡನ್ನಿನಲ್ಲಿ, ಡ್ರಮ್ಮಿನ ಈ ಗದ್ದಲ ಡಿಸೆಂಬರಿನದು. ಡಿಸೆಂಬರ್ 8ರ ಸಂಜೆ ಮಾರ್ಟಿನ್, ಎಮರಿಕ್ ಇಬ್ಬರೂ ಒಂದು ಸಿನಿಮಾದ ಮೊದಲ ಪ್ರದರ್ಶನಕ್ಕೆ ಹೋಗಿದ್ದರು. ಅವರು ಬರುವವರೆಗೆ ರೆಕಾರ್ಡಿಂಗ್ ನಡೆಸಿದವರು ತಾಂತ್ರಿಕ ಸಿಬ್ಬಂದಿಯ ಡೇವ್ ಹ್ಯಾರೀಸ್. ಸಾಸ್‌ಗಿಂತ ಈ ಸಂಜೆಯ ಕತೆಗೆ ಹೆಚ್ಚು ಓದುಗರು ಸಿಗಬೇಕಿತ್ತು.

ಮುಂದಿನದು ‘ಸಾರ್ಜೆಂಟ್ ಪೆಪ್ಪರ್’ ಬ್ರಿಟಿಷ್ ಎಲ್‌ಪಿಯ ಕೊನೆಯಲ್ಲಿರುವ, ನಾಯಿಗಳಿಗೆಂದು ಹಾಕಿದ 15 ಕಿಲೋಹರ್ಟ್ಸ್ ಸಿಳ್ಳು. 96 ಕಿಲೋಹರ್ಟ್ಸ್‌ನಲ್ಲಿ ಡಿಜಿಟೈಸ್ ಮಾಡಬೇಕು, ಕಾರ್ಟ್ರಿಜ್ (ಸೂಜಿ ಕೂತಿರುವ ಭಾಗ) 20 ಕಿಲೋಹರ್ಟ್ಸ್‌ವರೆಗೆ ನೆಟ್ಟಗೆ ಹೋಗುವಂಥದ್ದಿರಬೇಕು. ಪಕ್ಕದಲ್ಲಿ ಹಳೆಯ ಡಬ್ಬಾ ಟಿವಿ ಇದ್ದರೆ ಆರಿಸಿಡಿ: ಅದರ 15,625 ಹರ್ಟ್ಸ್ ಸಿಳ್ಳು ಕೇಬಲ್ ಹಿಡಿದು ಒಳಗೆ ಬಂದರೆ ನಾಯಿಯ ಸಿಳ್ಳೆಂದೇ ಗುರುತು ಹಾಕಿಬಿಡುತ್ತೀರಿ.