ಅಂಬಾಸಿಡರ್‌ನಲ್ಲಿ ಊಟಿ ಹತ್ತುವ ಮುಂಚೆ ರೇಡಿಯೇಟರ್ ಬಿಚ್ಚಿಸಿ

ಹಳೇ ಅಂಬಾಸಿಡರ್ ತಗೊಂಡು ಬೆಂಗಳೂರಿನಿಂದ ಊಟಿಗೆ ಹೋಗಿ ಬಂದೆವು ಅಂದರೆ ಎಲ್ಲರೂ ಕೇಳುವುದು ಒಂದೇ: ಘಾಟಿಯಲ್ಲಿ ಕುದೀಲಿಲ್ವಾ? 1489 ಸಿಸಿ ಪೆಟ್ರೋಲ್ ಗಾಡಿ, ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು. ಕುದಿಯಲಿಲ್ಲ. ಹೊರಡುವ ಮುಂಚೆ ಮಾಡಿಸಿದ ಕೆಲಸ ಕೈಹಿಡಿಯಿತು.

ಬರೀ ರಾಡಿಂಗ್, ಅಂದರೆ ರೇಡಿಯೇಟರ್ ಕೊಳವೆಗಳೊಳಗೆ ಕಡ್ಡಿ ತೂರಿಸಿ ಕ್ಲೀನ್ ಮಾಡಿಸುವುದು, ಸಾಕು ಅಂತ ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಹೋಗಿದ್ದೆವು. ಮೇಸ್ತ್ರಿ ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ ತೋರಿಸಿದರು. ಕೊಳವೆಗಳ ಬಾಯಿಗೆಲ್ಲ ಬೆಳ್ಳಗೆ ಸುಣ್ಣ ಕಟ್ಟಿತ್ತು. ಕೆಲವದರಲ್ಲಿ ಸೂಜಿ ಕೂಡ ಇಳಿಯುತ್ತಿರಲಿಲ್ಲ. ಬೋರ್‌ವೆಲ್ ನೀರು ಕುಡಿದ ಗಾಡಿಗಳ ಪಾಡೇ ಇಷ್ಟು. ಕೊಳವೆಗಳ ನಡುವಿನ ತೆಳು ತಗಡು, ಫಿನ್‌ಗಳು, ಬೆರಳು ತಾಕಿದರೆ ಉದುರುತ್ತಿದ್ದವು. ಈ ಸ್ಥಿತಿಗೆ ಬಂದಮೇಲೆ ರಾಡಿಂಗ್ ಸುಮ್ನೆ ದಂಡ. ಎರಡೂ ಟ್ಯಾಂಕ್ ಉಳಿಸಿಕೊಂಡು, ನಡುವೆ ಮೂರು ಸಾಲು ಕೊಳವೆಯ ತಾಮ್ರದ ಕೋರ್ (ಕೊಳವೆ, ಫಿನ್ ಸೇರಿದ ಭಾಗ) ಹಾಕಿಸಿದೆವು. ಹೋಸ್, ಬ್ರಾಕೆಟ್ ಎಲ್ಲ ಇದ್ದಲ್ಲೇ ಕೂರುತ್ತವೆ. ಅಲ್ಯೂಮಿನಿಯಂ ರೇಡಿಯೇಟರ್ ಹಗುರ, ಚೆನ್ನಾಗಿಯೂ ತಣಿಸುತ್ತದೆ. ಆದರೆ ದಾರಿಯಲ್ಲಿ ಸೋರಿದರೆ ತಾಮ್ರಕ್ಕೆ ಬೆಸುಗೆ ಹಾಕುವವರು ಸಿಗುವಷ್ಟು ಸುಲಭವಾಗಿ ಅಲ್ಯೂಮಿನಿಯಂನವರು ಸಿಗಲ್ಲ. ಊರು ಬಿಟ್ಟು ಓಡಾಡುವ ಗಾಡಿಗೆ ನನ್ನ ಓಟು ತಾಮ್ರಕ್ಕೆ.

ಕೋರ್ ದಪ್ಪವಾದಷ್ಟೂ ಗಾಳಿ ಎಳೆಯುವುದು ಕಷ್ಟ. ಅದಕ್ಕೇ ಫ್ಯಾನ್ ಸುತ್ತ ತಗಡಿನ ಶ್ರೌಡ್, ಅಂದರೆ ಸುತ್ತುಮರೆ, ಮಾಡಿಸಿ. ಇಲ್ಲದಿದ್ದರೆ ಫ್ಯಾನು ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಸುತ್ತಿಸುತ್ತಾ ಕೂರುತ್ತದೆ. ಬ್ಯಾಟರಿ ಚಾರ್ಜ್ ಮಾಡಲು ಹಳೇ ಡೈನಮೋ ಇರುವ ಗಾಡಿಗೆ ಎಲೆಕ್ಟ್ರಿಕ್ ಫ್ಯಾನ್ ಬೇಡ. ಟ್ರಾಫಿಕ್‌ನಲ್ಲಿ ನಿಂತಾಗ ಫ್ಯಾನ್ ಜಾಸ್ತಿ ಬೇಕು, ಡೈನಮೋ ಕೈಕೊಡುವುದೂ ಆಗಲೇ. ಆಲ್ಟರ್ನೇಟರ್ ಇದ್ದರೆ ತೊಂದರೆಯಿಲ್ಲ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್‌ಗೆ ನೀರು ತಡೆಯುವ ಕವಾಟ) ಕಿತ್ತು ಬಿಸಾಕಿ ಅನ್ನುವ ಮೆಕ್ಯಾನಿಕ್‌ಗಳ ಮಾತು ಕೇಳಬೇಡಿ. ಕೆಳಗಿನ ಹೋಸ್ ಹಿಸುಕಿ ನೋಡಿ, ಮೆತ್ತಗಾಗಿದ್ದರೆ ಬದಲಾಯಿಸಿ. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೆ, ಅಂದರೆ ಕಿಡಿ ತಡವಾಗಿ ಹೊತ್ತಿದರೆ, ಎಂಥ ರೇಡಿಯೇಟರ್ ಹಾಕಿದರೂ ಗಾಡಿ ಬಿಸಿಯಾಗುತ್ತದೆ.

ರೇಡಿಯೇಟರ್ ಕ್ಯಾಪ್ ಚಿಕ್ಕ ವಸ್ತು, ಆದರೆ ಈ ದಾರಿಗೆ ಅದೇ ಮುಖ್ಯ. ಊಟಿ ಇರುವುದು ಸುಮಾರು 2240 ಮೀಟರ್ ಎತ್ತರದಲ್ಲಿ. ಅಲ್ಲಿ ತೆರೆದ ಪಾತ್ರೆಯ ನೀರು 92–93 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಹಿಡಿಯುವ 7 ಪಿಎಸ್‌ಐ ಕ್ಯಾಪ್ ಇದ್ದರೆ ಹತ್ತು ಡಿಗ್ರಿಗೂ ಜಾಸ್ತಿ ಅವಕಾಶ ಸಿಗುತ್ತದೆ. ರಬ್ಬರ್ ವಾಷರ್ ಬಿರಿದಿದ್ದರೆ ಹೊಸ ಕ್ಯಾಪ್ ತಗೊಳ್ಳಿ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ನೀರು ತುಂಬಿಸಿ.

ಮೈಸೂರುವರೆಗೆ ಹೇಳುವಂಥದ್ದೇನಿಲ್ಲ. ಗುಂಡ್ಲುಪೇಟೆಯಲ್ಲಿ ತಿಂಡಿಗೆ ನಿಲ್ಲಿಸಿ, ಇಂಜಿನ್ ತಣ್ಣಗಾದ ಮೇಲೆ ನೀರು, ಬೆಲ್ಟ್ ನೋಡಿಕೊಳ್ಳಿ. ಮುಂದೆ ಬಂಡೀಪುರ, ಮುದುಮಲೈ ಕಾಡಿನೊಳಗೆ ಗಾಡಿ ನಿಲ್ಲಿಸುವ ಹಾಗಿಲ್ಲ. ನೀಲಗಿರಿಗೆ ಇ–ಪಾಸ್ ಬೇಕು, ಮನೆಯಲ್ಲೇ ಮಾಡಿಕೊಳ್ಳಿ. ಚೆಕ್‌ಪೋಸ್ಟ್‌ನಲ್ಲಿ ಸಣ್ಣ ಪ್ಲಾಸ್ಟಿಕ್ ನೀರಿನ ಬಾಟಲಿ ಬಿಡಲ್ಲ, ಗಾಡಿಯ ನೀರಿಗೆ ದೊಡ್ಡ ಕ್ಯಾನ್ ಇರಲಿ.

ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಮಸಿನಗುಡಿ, ಕಲ್ಲಟ್ಟಿ ಕಡೆಯದು ಹತ್ತಿರ, ಆದರೆ 36 ಹೇರ್‌ಪಿನ್ ತಿರುವು, ವಿಪರೀತ ಕಡಿದು. ಹಳೇ ಗಾಡಿಗೆ ಗೂಡಲೂರು, ನಡುವಟ್ಟಂ ದಾರಿಯೇ ಸರಿ. ದೂರ ಜಾಸ್ತಿ, ಏರು ನಿಧಾನ. ಗೂಡಲೂರಿನಲ್ಲಿ ಅರ್ಧ ಗಂಟೆ ಬಿಡುವು ಕೊಡಿ. ಏರಿನಲ್ಲಿ ಮೂರನೇ ಗೇರಿನಲ್ಲಿ ಗೊರಗೊರ ಎಳೆಸಬೇಡಿ. ಎರಡಕ್ಕೆ ಇಳಿಸಿದರೆ ಇಂಜಿನ್ ಜೊತೆ ಫ್ಯಾನು, ವಾಟರ್ ಪಂಪು ಎರಡೂ ಜೋರಾಗಿ ತಿರುಗುತ್ತವೆ. ನಮ್ಮ ಗಾಡಿಯ ಟೆಂಪರೇಚರ್ ಮುಳ್ಳು ಒಂದು ಲಾರಿ ಹಿಂದೆ ತೆವಳುವಾಗ ಮಾತ್ರ ಅರ್ಧ ದಾಟಿತು. ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸದೆ ಸ್ವಲ್ಪ ರೇಸ್ ಕೊಟ್ಟು ಹಿಡಿದಾಗ ತಾನೇ ಇಳಿಯಿತು. ಬಿಸಿಯಿದ್ದಾಗ ಕ್ಯಾಪ್ ಮಾತ್ರ ಮುಟ್ಟಬೇಡಿ, ಕೈಮುಖ ಸುಡುತ್ತದೆ.

ವಾಪಸ್ ಬರುವಾಗ ರೇಡಿಯೇಟರ್‌ಗಿಂತ ಬ್ರೇಕಿನ ಚಿಂತೆ, ಹತ್ತಿದ ಗೇರಿನಲ್ಲೇ ಇಳಿಯಿರಿ. ರಾತ್ರಿ 9ಕ್ಕೆ ಬಂಡೀಪುರ ಗೇಟ್ ಮುಚ್ಚಿದರೆ ಬೆಳಗ್ಗೆ 6ಕ್ಕೇ ತೆಗೆಯುವುದು. ಸಂಜೆ 7ರ ಒಳಗೆ ಗೂಡಲೂರು ಬಿಡಿ.