ರಿಯಾಸೋರ್‌ನ ಆ ರಾತ್ರಿ, ಮತ್ತೆ 2004ರ ಚಾಂಪಿಯನ್ಸ್ ಲೀಗ್

2025ರ ಏಪ್ರಿಲ್‌ನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್ಬಾಲ್) ಫೈನಲ್ ನೋಡ್ತಾ ಕೂತಿದ್ದೆ, ಕೋಲ್ಕತ್ತಾದಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮತ್ತೆ ಮೋಹನ್ ಬಗಾನ್. ನಾವೇ ಮೊದ್ಲು ಲೀಡ್ ತಗೊಂಡ್ವಿ, ಆಮೇಲೆ ಪೆನಾಲ್ಟಿಯಿಂದ ಸಮ ಆಯ್ತು, ಎಕ್ಸ್‌ಟ್ರಾ ಟೈಮ್‌ನಲ್ಲಿ 2-1 ಸೋತ್ವಿ. ಬೇಜಾರಲ್ಲಿ ಟಿವಿ ಆಫ್ ಮಾಡೋಣ ಅಂತ ರಿಮೋಟ್ ತಗೊಂಡೆ, ಆದ್ರೆ ಮಾಡ್ಲಿಲ್ಲ, ಯಾಕಂದ್ರೆ ಎದುರು ಟೀಮಿನ ಕೋಚ್ ಹೊಸೆ ಮೊಲಿನಾ. ಅವನ ಮುಖ ಕಂಡಾಗೆಲ್ಲ ನಂಗೆ ಐಎಸ್‌ಎಲ್ ಅಲ್ಲ, 21 ವರ್ಷದ ಹಿಂದಿನ ಒಂದು ಮ್ಯಾಚ್ ನೆನಪಾಗುತ್ತೆ. ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದಲ್ಲಿ ಲಾ ಕೊರುನ್ಯಾ ಅಂತ ಒಂದು ಸಮುದ್ರ ತೀರದ ಊರು, ಅಲ್ಲಿ ಬೀಚಿಗೆ ಅಂಟಿಕೊಂಡೇ ಇರೋ ರಿಯಾಸೋರ್ ಸ್ಟೇಡಿಯಂ, ಅಲ್ಲಿ ಡೆಪೊರ್ಟಿವೊ ಟೀಮಿನ ಗೋಲ್‌ಕೀಪರ್ ಆಗಿ ನಿಂತಿದ್ದವನು ಇದೇ ಮೊಲಿನಾ.

ಅವತ್ತೇ ಅನ್ಕೊಂಡೆ 2003-04ರ ಚಾಂಪಿಯನ್ಸ್ ಲೀಗ್, ಅಂದ್ರೆ ಯೂರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಿ, ಅದರ ಬಗ್ಗೆ ಒಂದ್ಸಲ ಪೂರ್ತಿಯಾಗಿ ಬರೀಬೇಕು ಅಂತ. ಫುಟ್ಬಾಲ್ ನೋಡೋ ಫ್ರೆಂಡ್ಸ್ ಜೊತೆ ಈ ಸೀಸನ್ ಮಾತು ಬಂದ್ರೆ "ಅದು ಬಿಡೋ, ವೀಕ್ ವರ್ಷ, ಪೋರ್ಟೊ ಮೊನಾಕೊ ಫೈನಲ್, ದೊಡ್ಡೋರೆಲ್ಲ ಮುಂಚೆನೇ ಔಟ್" ಅಂತಾರೆ. ಇದನ್ನ ಕೇಳಿದಾಗೆಲ್ಲ ನಂಗೆ ನಿಜವಾಗ್ಲೂ ನೋವಾಗುತ್ತೆ. ಆ ದೊಡ್ಡೋರು ತಾವಾಗೇ ಬಸ್ ಹತ್ತಿ ಮನೆಗೆ ಹೋಗಿದ್ರಾ? ಯಾರೋ ಒಬ್ರು ಮೈದಾನದಲ್ಲಿ ಅವ್ರನ್ನ ಸೋಲಿಸಿದ್ರು ತಾನೆ, ಹೇಗೆ ಸೋಲಿಸಿದ್ರು ಅನ್ನೋದನ್ನ ಯಾರೂ ನೆನಪಿಟ್ಕೊಳ್ಳಲ್ಲ.

ಮೊದ್ಲು ಒಂದು ವಿಷ್ಯ. ಅದಕ್ಕೂ ಮುಂಚಿನ ನಾಲ್ಕು ಸೀಸನ್ ಚಾಂಪಿಯನ್ಸ್ ಲೀಗಲ್ಲಿ ಎರಡೆರಡು ಗ್ರೂಪ್ ಸ್ಟೇಜ್ ಇತ್ತು, ಒಂದು ಗ್ರೂಪ್ ಮುಗಿಸಿ ಮತ್ತೊಂದು ಗ್ರೂಪಲ್ಲಿ ಆರು ಮ್ಯಾಚ್ ಆಡ್ಬೇಕಿತ್ತು, ಅಲ್ಲಿ ದುಡ್ಡಿರೋ ಟೀಮ್ ಒಂದು ಮ್ಯಾಚ್ ಸೋತ್ರೂ ಮುಂದಿನದ್ರಲ್ಲಿ ಸರಿ ಮಾಡ್ಕೋಬಹುದಿತ್ತು. 2003-04ರಲ್ಲಿ ಆ ಎರಡನೇ ಗ್ರೂಪ್ ತೆಗೆದುಹಾಕಿ ಪ್ರೀ ಕ್ವಾರ್ಟರ್‌ನಿಂದಲೇ ನಾಕೌಟ್ ಮಾಡಿದ್ರು. ಮನೇಲೊಂದು ಮ್ಯಾಚ್, ಎದುರಾಳಿ ಊರಲ್ಲೊಂದು, ಎರಡರ ಗೋಲು ಕೂಡಿಸೋದು, ಸಮ ಆದ್ರೆ ಹೊರಗಡೆ ಹೊಡೆದ ಗೋಲು ಜಾಸ್ತಿ ಇದ್ದೋರು ಮುಂದಕ್ಕೆ. ಆ ಅವೇ ಗೋಲ್ ರೂಲ್ 2021ರಲ್ಲಿ ತೆಗೆದ್ರು, ಈಗಿನ ಹುಡುಗ್ರಿಗೆ ಅದರ ಟೆನ್ಶನ್ ಗೊತ್ತಿಲ್ಲ, ಒಂದೇ ಒಂದು ಗೋಲು ಇಡೀ ಲೆಕ್ಕ ತಲೆಕೆಳಗು ಮಾಡ್ಬಿಡೋದು.

ಈಗ ಡೆಪೊರ್, ಅಂದ್ರೆ ಡೆಪೊರ್ಟಿವೊ. ಇವ್ರ ಕಥೆ ಗೊತ್ತಿಲ್ಲದೆ ರಿಯಾಸೋರ್ ರಾತ್ರಿ ಅರ್ಥ ಆಗಲ್ಲ. 1994ರಲ್ಲಿ ಲೀಗಿನ ಕೊನೇ ದಿನ, ಕೊನೇ ನಿಮಿಷ, ಒಂದು ಪೆನಾಲ್ಟಿ ಹೊಡೆದಿದ್ರೆ ಇವ್ರೇ ಸ್ಪೇನಿನ ಚಾಂಪಿಯನ್, ಜುಕಿಚ್ ಹೊಡೆದ, ವಲೆನ್ಸಿಯಾ ಕೀಪರ್ ಹಿಡಿದ, ಟ್ರೋಫಿ ಬಾರ್ಸಿಲೋನಾಗೆ ಹೋಯ್ತು. ಆ ಗಾಯ ಮಾಯೋಕೆ ಆರು ವರ್ಷ ಬೇಕಾಯ್ತು, 2000ದಲ್ಲಿ ಹವಿಯೆರ್ ಇರುರೆಟಾ ಕೋಚ್ ಆಗಿದ್ದಾಗ ಲೀಗ್ ಗೆದ್ರು. 2004ರಲ್ಲೂ ಅದೇ ಇರುರೆಟಾ.

ಆ ಸೀಸನ್ ಗ್ರೂಪಲ್ಲಿ ಇವ್ರಿಗೆ ಭಯಂಕರ ಅವಮಾನ ಆಗಿತ್ತು. 2003ರ ನವೆಂಬರ್ 5, ಮೊನಾಕೊದಲ್ಲಿ 8-3 ಸೋತ್ರು. ಎಂಟು! ಮೊನಾಕೊದ ಕ್ರೊಯೇಷಿಯಾ ಆಟಗಾರ ದಾದೊ ಪರ್ಶೊಗೆ ಅವತ್ತು 29ನೇ ಹುಟ್ಟುಹಬ್ಬ, ಒಬ್ನೇ ನಾಲ್ಕು ಗೋಲು ಹೊಡೆದ. ಡೆಪೊರ್ ಕಡೆಯ ಮೂರರಲ್ಲಿ ಒಂದು ಗೋಲು ಯಾರದ್ದು ಗೊತ್ತಾ, ಲಿಯೊನೆಲ್ ಸ್ಕಲೋನಿದು, ಹೌದು ಅವನೇ, 2022ರಲ್ಲಿ ಮೆಸ್ಸಿ ಟೀಮಿಗೆ ವರ್ಲ್ಡ್ ಕಪ್ ಗೆಲ್ಲಿಸಿದ ಕೋಚ್. ಎಂಟು ಗೋಲು ತಿಂದ ಟೀಮು ತಲೆ ತಗ್ಗಿಸಿ ಮನೆಗೆ ಹೋಗ್ಬೇಕಿತ್ತು, ಇವ್ರು ಹೋಗ್ಲಿಲ್ಲ, ಗ್ರೂಪ್ ದಾಟಿ ಪ್ರೀ ಕ್ವಾರ್ಟರಲ್ಲಿ ಇಟಲಿಯ ಯುವೆಂಟಸ್ಸನ್ನ ತಮ್ಮ ಮನೇಲಿ 1-0, ಅವ್ರ ಊರಿಗೇ ಹೋಗಿ ಮತ್ತೆ 1-0 ಸೋಲಿಸಿದ್ರು. ಹಿಂದಿನ ವರ್ಷ ಫೈನಲ್ ಆಡಿದ್ದ ಯುವೆಂಟಸ್ ಇದು, ಎರಡು ಮ್ಯಾಚಲ್ಲಿ ಒಂದು ಗೋಲೂ ಹೊಡೆಯೋಕೆ ಆಗ್ಲಿಲ್ಲ.

ಕ್ವಾರ್ಟರಲ್ಲಿ ಸಿಕ್ಕಿದ್ದು ಇಟಲಿಯ ಮಿಲಾನ್, ಹಾಲಿ ಚಾಂಪಿಯನ್. ಹೆಸ್ರು ಓದಿದ್ರೇ ಸಾಕು, ಗೋಲಲ್ಲಿ ದಿದಾ, ಹಿಂದೆ ಕಫು ನೆಸ್ಟಾ ಮಾಲ್ದೀನಿ, ಮಧ್ಯ ಪಿರ್ಲೊ ಗಟ್ಟೂಸೊ ಸೀಡಾರ್ಫ್, ಮುಂದೆ ಕಾಕಾ ಶೆವ್ಚೆಂಕೊ. ಮಾರ್ಚ್ 23ಕ್ಕೆ ಅವ್ರ ಸ್ಟೇಡಿಯಂ ಸ್ಯಾನ್ ಸಿರೊದಲ್ಲಿ ಮೊದಲ ಗೋಲು ಡೆಪೊರ್‌ದೇ, ಉರುಗ್ವೆಯ ಪಾಂಡಿಯಾನಿ ಹೊಡೆದ. ಆಮೇಲೆ ಹಾಫ್ ಟೈಮಿನ ಆಚೆ ಈಚೆ ಎಂಟು ಹತ್ತು ನಿಮಿಷದ ಆಟದಲ್ಲಿ ಕಾಕಾ, ಶೆವ್ಚೆಂಕೊ, ಮತ್ತೆ ಕಾಕಾ, ಪಿರ್ಲೊ ಫ್ರೀ ಕಿಕ್, 4-1. ಮುಗೀತು ಅಂತ ಎಲ್ರೂ ಅಂದ್ರು. ಚಾಂಪಿಯನ್ಸ್ ಲೀಗ್ ಅಂತ ಹೆಸ್ರು ಬಂದ್ಮೇಲೆ ಮೊದಲ ಲೆಗ್ಗಲ್ಲಿ (ಎರಡರಲ್ಲಿ ಮೊದಲ ಮ್ಯಾಚು) ಮೂರು ಗೋಲು ಹಿಂದಿದ್ದ ಟೀಮು ಯಾವತ್ತೂ ವಾಪಸ್ ಬಂದಿರ್ಲಿಲ್ಲ. ಆದ್ರೆ ಆ ಪಾಂಡಿಯಾನಿ ಗೋಲಿತ್ತಲ್ಲ, ಅದರಿಂದ ರಿಯಾಸೋರ್‌ನಲ್ಲಿ 3-0 ಹೊಡೆದ್ರೂ ಸಾಕಿತ್ತು.

ಇರುರೆಟಾ ಹರಕೆ ಹೊತ್ತ. ನಾವು ಗೆದ್ರೆ ಸಾಂತಿಯಾಗೊ ದೆ ಕೊಂಪೊಸ್ತೇಲಾ ವರೆಗೂ ನಡ್ಕೊಂಡು ಹೋಗ್ತೀನಿ ಅಂತ. ಅದು ಅವ್ರ ಕಡೆಯ ದೊಡ್ಡ ಯಾತ್ರಾಸ್ಥಳ, ಸಂತ ಯಾಕೋಬನ ಸಮಾಧಿ ಇರೋ ಚರ್ಚು, ಯೂರೋಪಿನ ಎಲ್ಲಾ ಕಡೆಯಿಂದ ಜನ ಕಾಲ್ನಡಿಗೆಯಲ್ಲಿ ಬರ್ತಾರೆ, ನಮ್ಮಲ್ಲಿ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗಲ್ವಾ ಹಾಗೆ.

ಏಪ್ರಿಲ್ 7. ನಾನು ಆ ಮ್ಯಾಚ್ ಲೈವ್ ನೋಡಿಲ್ಲ. ನಮಗೆ ಮಧ್ಯರಾತ್ರಿ ಹನ್ನೆರಡೂಕಾಲಿಗೆ ಶುರು, ಹಾಸ್ಟೆಲಿನ ಟಿವಿ ರೂಮಿಗೆ ಅಷ್ಟೊತ್ತಿಗೆ ಬೀಗ. ಬೆಳಗಿನ ಪೇಪರಲ್ಲೂ ಇರ್ಲಿಲ್ಲ, ಮ್ಯಾಚ್ ಮುಗಿಯೋಷ್ಟರಲ್ಲಿ ಪೇಪರ್ ಪ್ರಿಂಟ್ ಆಗಿರ್ತಿತ್ತು. ಅದರ ಮರುದಿನ ಕ್ರೀಡಾ ಪುಟದ ಕೆಳಗಡೆ ಸಣ್ಣ ಅಕ್ಷರದಲ್ಲಿ 4-0 ಅಂತ ಕಂಡಾಗ ಮಿಲಾನ್ ಗೆದ್ದಿರುತ್ತೆ ಅನ್ಕೊಂಡೇ ಪುಟ ತಿರುಗಿಸ್ದೆ, ಆಮೇಲೆ ಏನೋ ಅನುಮಾನ ಬಂದು ಮತ್ತೆ ನೋಡಿದ್ರೆ ಡೆಪೊರ್ಟಿವೊ 4. ಪ್ರಿಂಟಿಂಗ್ ಮಿಸ್ಟೇಕ್ ಅನ್ಕೊಂಡೆ. ಆ ವಾರ ಹೈಲೈಟ್ಸ್ ನೋಡಿದ್ಮೇಲೇ ನಂಬಿದ್ದು, ಎಷ್ಟೋ ವರ್ಷ ಆದ್ಮೇಲೆ ಇಂಟರ್ನೆಟ್ಟಲ್ಲಿ ಪೂರ್ತಿ ಮ್ಯಾಚ್ ಸಿಕ್ತು, ಅವಾಗಿಂದ ಎಷ್ಟು ಸಲ ನೋಡಿದೀನೋ.

ಐದನೇ ನಿಮಿಷದಲ್ಲೇ ಪಾಂಡಿಯಾನಿ. ಗೋಲಿಗೆ ಬೆನ್ನು ಮಾಡಿ ನಿಂತಿದ್ದ, ಚೆಂಡು ಬಂತು, ಮಾಲ್ದೀನಿಯನ್ನ ಪಕ್ಕಕ್ಕಿಟ್ಟು ತಿರುಗಿ ಎಡಗಾಲಲ್ಲಿ ನೆಲಕ್ಕಂಟಿಸಿ ಹೊಡೆದ. ಮಾಲ್ದೀನಿ ಅಂದ್ರೆ ಆ ಕಾಲದಲ್ಲಿ ಡಿಫೆನ್ಸಿಗೆ ಇನ್ನೊಂದು ಹೆಸ್ರು, ಅವನ ಮುಂದೆ ಹೀಗೆ ತಿರುಗೋದು ಅಂದ್ರೆ! 35ನೇ ನಿಮಿಷಕ್ಕೆ ಲೂಕೆ ಎಡಗಡೆಯಿಂದ ಕ್ರಾಸ್ ಹಾಕ್ದ, ದಿದಾ ಲೆಕ್ಕ ತಪ್ಪಿ ಮುಂದೆ ಬಂದ, ವಲೆರೋನ್ ತಲೆಯಿಂದ ಒಳಗೆ ಹಾಕ್ದ. ಈ ವಲೆರೋನ್ ಹೆಡ್ ಮಾಡೋ ಆಟಗಾರನೇ ಅಲ್ಲ, ಸಣ್ಣ ದೇಹ, ಮೃದು ಪಾಸ್, ಚೆಂಡನ್ನ ನೋಯಿಸದ ಹಾಗೆ ಮುಟ್ಟೋ ಮನುಷ್ಯ, ನಂಗೆ ಆ ಪೀಳಿಗೆಯಲ್ಲಿ ತುಂಬಾ ಇಷ್ಟದವನು. 44ಕ್ಕೆ ಉದ್ದ ಚೆಂಡು ಬಂತು, ನೆಸ್ಟಾ ಅಂಥ ನೆಸ್ಟಾಗೇ ಅಂದಾಜು ತಪ್ಪಿತು, ಲೂಕೆ ನುಗ್ಗಿ ಬಾರಿಸ್ದ. ಹಾಫ್ ಟೈಮಿಗೇ 3-0. ಅಂದ್ರೆ ಆಗ್ಲೇ ಡೆಪೊರ್ ಮುಂದಿದೆ, ಇನ್ನು 45 ನಿಮಿಷ ಕಾಯೋದಷ್ಟೇ ಬಾಕಿ.

ಸೆಕೆಂಡ್ ಹಾಫ್ ನೋಡೋದೇ ನಂಗೆ ಹೆಚ್ಚು ಇಷ್ಟ, ಯಾಕಂದ್ರೆ ಇವ್ರು ಹಿಂದೆ ಹೋಗಿ ಕೂರ್ಲಿಲ್ಲ. ಮಧ್ಯದಲ್ಲಿ ಮಾವ್ರೊ ಸಿಲ್ವಾ, 36 ವರ್ಷ, ಬ್ರೆಜಿಲ್‌ಗೆ 1994ರ ವರ್ಲ್ಡ್ ಕಪ್ ಗೆದ್ದವನು, ಮಿಲಾನ್ ಪಾಸ್‌ಗಳನ್ನ ಒಂದೊಂದಾಗಿ ಕಿತ್ಕೊಳ್ತಾ ಇದ್ದ. ಗೋಲಲ್ಲಿ ಮೊಲಿನಾ. ಇಲ್ಲಿ ಒಂದು ಮಾತು ಹೇಳ್ಬೇಕು, ಈ ಮೊಲಿನಾಗೆ 2002ರಲ್ಲಿ ಕ್ಯಾನ್ಸರ್ ಅಂತ ಗೊತ್ತಾಗಿತ್ತು, ಆಟ ಬಿಟ್ಟು ಟ್ರೀಟ್‌ಮೆಂಟ್ ತಗೊಂಡು ವಾಸಿ ಮಾಡ್ಕೊಂಡು ಅದೇ ಗ್ಲವ್ಸ್ ಹಾಕ್ಕೊಂಡು ಬಂದು ನಿಂತಿದ್ದ. ಶೆವ್ಚೆಂಕೊ ಬಂದ್ರೆ ಇವನಿಗೇನು ಭಯ. 76ನೇ ನಿಮಿಷಕ್ಕೆ ಬದಲಿಯಾಗಿ ಬಂದಿದ್ದ ಫ್ರಾನ್ ಹೊಡೆದ ಶಾಟು ಕಫುಗೆ ತಾಗಿ ಒಳಗೆ ಹೋಯ್ತು, 4-0. ಫ್ರಾನ್ ಆ ಊರಿನ ಸೀಮೆಯವನೇ, ಆಡಿದ್ದೆಲ್ಲ ಒಂದೇ ಕ್ಲಬ್ಬಿಗೆ, 1994ರ ಆ ಪೆನಾಲ್ಟಿ ಕಾಲದಲ್ಲೂ ಟೀಮಲ್ಲಿ ಇದ್ದವನು. ಆ ಗೋಲಿಗೆ ಬೇರೆ ಯಾರ ಹೆಸ್ರೂ ಒಪ್ತಿರ್ಲಿಲ್ಲ.

ಅದರ ಹಿಂದಿನ ರಾತ್ರಿ ಮೊನಾಕೊದಲ್ಲೂ ಇಂಥದ್ದೇ. ಆ ಕ್ಲಬ್ಬಿನ ಮೇಲೆ ಸಾಲ ಎಷ್ಟಿತ್ತು ಅಂದ್ರೆ 2003ರ ಬೇಸಿಗೆಯಲ್ಲಿ ಫ್ರಾನ್ಸಿನ ಫುಟ್ಬಾಲ್ ಹಣಕಾಸು ನೋಡ್ಕೊಳ್ಳೋ ಸಮಿತಿ ಇವ್ರನ್ನ ಎರಡನೇ ಡಿವಿಷನ್ನಿಗೆ ತಳ್ಳಿತ್ತು, ಅಪೀಲಿಗೆ ಹೋಗಿ ಉಳ್ಕೊಂಡ್ರು. ಕೋಚ್ ದಿದಿಯೆ ದೆಶಾಂ. ಸ್ಟ್ರೈಕರ್ ಫೆರ್ನಾಂಡೊ ಮೊರಿಯೆಂಟೆಸ್, ರಿಯಲ್ ಮ್ಯಾಡ್ರಿಡ್‌ಗೆ ಬೇಡ ಅನ್ನಿಸಿ ಲೋನ್ ಮೇಲೆ ಎರವಲು ಕೊಟ್ಟ ಆಟಗಾರ. ಕ್ವಾರ್ಟರಲ್ಲಿ ಎದುರು ಬಂದಿದ್ದು ಅದೇ ರಿಯಲ್ ಮ್ಯಾಡ್ರಿಡ್, ಜಿದಾನ್, ರೊನಾಲ್ಡೊ, ಫಿಗೊ, ಬೆಕಮ್, ರಾಉಲ್. ಮ್ಯಾಡ್ರಿಡ್‌ನಲ್ಲಿ 4-1 ಇದ್ದಾಗ ಮೊರಿಯೆಂಟೆಸ್ ಹೆಡ್ ಮಾಡಿ 4-2 ಮಾಡ್ದ, ಅಲ್ಲಿಯ ಜನನೇ ಅವನಿಗೆ ಚಪ್ಪಾಳೆ ಹೊಡೆದ್ರು. ಮೊನಾಕೊದಲ್ಲಿ ರಾಉಲ್ ಮೊದ್ಲು ಹೊಡೆದು ಒಟ್ಟು 5-2 ಆಯ್ತು. ಅಲ್ಲಿಂದ ಜೂಲಿ, ಮೊರಿಯೆಂಟೆಸ್, ಮತ್ತೆ ಜೂಲಿ ಹಿಮ್ಮಡಿಯಲ್ಲಿ ತಟ್ಟಿದ ಗೋಲು, 3-1. ಒಟ್ಟು 5-5, ಹೊರಗಡೆ ಹೊಡೆದ ಎರಡು ಗೋಲಿನಿಂದ ಮೊನಾಕೊ ಮುಂದಕ್ಕೆ. ಮೊರಿಯೆಂಟೆಸ್ ಆ ಸೀಸನ್ ಒಂಬತ್ತು ಗೋಲು ಹೊಡೆದು ಟೂರ್ನಿಯ ಟಾಪ್ ಸ್ಕೋರರ್ ಆದ. ಸೆಮಿಫೈನಲಲ್ಲಿ ಚೆಲ್ಸಿ ಜೊತೆ 1-1 ಇದ್ದಾಗ ಜಿಕೋಸ್‌ಗೆ ರೆಡ್ ಕಾರ್ಡ್, ಹತ್ತೇ ಜನ ಉಳಿದ್ರು, ಆಮೇಲೆ ಎರಡು ಗೋಲು ಹೊಡೆದು 3-1 ಗೆದ್ರು, ಹನ್ನೊಂದು ಜನ ಇದ್ದೋರೇ ಗಾಬರಿ ಆದಂಗಿತ್ತು. ಲಂಡನ್ನಲ್ಲಿ 2-2, ಫೈನಲ್ಲಿಗೆ ಹೋದ್ರು.

ಪೋರ್ಚುಗಲ್ಲಿನ ಪೋರ್ಟೊ ಬಗ್ಗೆ ಪ್ರಾಮಾಣಿಕವಾಗಿ ಹೇಳ್ತೀನಿ, ಅದೃಷ್ಟ ಇತ್ತು. ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ ಓಲ್ಡ್ ಟ್ರಾಫರ್ಡ್‌ನಲ್ಲಿ ಯುನೈಟೆಡ್ಡಿನ ಸ್ಕೋಲ್ಸ್ ಹೊಡೆದ ಎರಡನೇ ಗೋಲು ಸರಿಯಾಗೇ ಇತ್ತು, ಆಫ್‌ಸೈಡ್ ಅಂತ ತಪ್ಪಾಗಿ ಬಾವುಟ ಎತ್ತಿದ್ರು. ಕೊನೇ ನಿಮಿಷದಲ್ಲಿ ಪೋರ್ಟೊದ ಮಕಾರ್ಥಿ ಫ್ರೀ ಕಿಕ್ಕು, ಯುನೈಟೆಡ್ ಕೀಪರ್ ಹೊವಾರ್ಡ್ ಹಿಡಿಯೋಕಾಗ್ದೆ ತಳ್ಳಿದ, ಕೋಸ್ಟಿನ್ಯಾ ಒಳಗೆ ಹಾಕ್ದ, ಪೋರ್ಟೊ ಕೋಚ್ ಮೊರಿನ್ಯೊ ಕಪ್ಪು ಕೋಟಲ್ಲಿ ಸೈಡ್‌ಲೈನ್ ಉದ್ದಕ್ಕೂ ಓಡಿದ. ಆದ್ರೆ ಹಿಂದಿನ ವರ್ಷ ಯೂರೋಪಿನ ಎರಡನೇ ಟೂರ್ನಿ ಯುಯೆಫಾ ಕಪ್ ಗೆದ್ದಿದ್ದ ಟೀಮು ಇದು, ಅದೃಷ್ಟದ ಮೇಲೆ ಮಾತ್ರ ಎರಡು ವರ್ಷ ಎರಡು ಯೂರೋಪಿಯನ್ ಕಪ್ ಬರಲ್ಲ. ರಿಕಾರ್ಡೊ ಕರ್ವಾಲ್ಯೊ ಹಿಂದೆ, ಮನೀಶ್ ಮಧ್ಯ, ಮುಂದೆ ಡೆಕೊ, ಯಾರು ಎಲ್ಲಿ ನಿಲ್ಬೇಕು ಅನ್ನೋದು ಹನ್ನೊಂದು ಜನಕ್ಕೂ ನಿದ್ದೆಯಲ್ಲೂ ಗೊತ್ತಿತ್ತು.

ಸೆಮಿಫೈನಲ್ಲಲ್ಲಿ ನನ್ನ ಡೆಪೊರ್‌ಗೆ ಇವ್ರೇ ಸಿಕ್ಕಿದ್ದು. ಪೋರ್ಟೊದಲ್ಲಿ 0-0. ಆ ಮ್ಯಾಚಿನ ಕೊನೆ ಹತ್ರ ಡೆಪೊರ್ ಡಿಫೆಂಡರ್ ಹೊರ್ಹೆ ಆಂದ್ರಾದೆ, ಮೊದ್ಲು ಪೋರ್ಟೊದಲ್ಲೇ ಡೆಕೊ ಜೊತೆ ಆಡಿದ ಗೆಳೆಯ, ನೆಲಕ್ಕೆ ಬಿದ್ದಿದ್ದ ಡೆಕೊಗೆ ತಮಾಷೆಗೆ ಕಾಲಲ್ಲಿ ಹಿಂಗೆ ತಟ್ಟಿದ, ಏಳೋ ನಾಟಕ ಸಾಕು ಅನ್ನೋ ಹಾಗೆ. ರೆಫರಿ ಮಾರ್ಕಸ್ ಮೆರ್ಕ್ ನೇರ ರೆಡ್ ಕಾರ್ಡ್. ಎರಡನೇ ಲೆಗ್‌ಗೆ ಅವನಿಲ್ಲ. ರಿಯಾಸೋರ್‌ನಲ್ಲಿ ಮಿಲಾನ್‌ಗೆ ಗೋಲು ಕೊಡದ ಡಿಫೆನ್ಸಿನ ಅರ್ಧ ಶಕ್ತಿ ಅವನೇ ಆಗಿದ್ದ. ಮೇ 4, ಅದೇ ರಿಯಾಸೋರ್, ಅದೇ ಜನ, ಅದೇ ಮೊಲಿನಾ. 60ನೇ ನಿಮಿಷಕ್ಕೆ ಪೆನಾಲ್ಟಿ, ಪೋರ್ಟೊದ ದೆರ್ಲೇ ಹೊಡೆದ, 1-0. ಎರಡು ಮ್ಯಾಚು, 180 ನಿಮಿಷ, ಒಂದು ಪೆನಾಲ್ಟಿ. ಮತ್ತೆ ಪೆನಾಲ್ಟಿನೇ. ಮಿಲಾನ್‌ಗೆ ನಾಲ್ಕು ಹೊಡೆದ ಕಾಲುಗಳಿಗೆ ಪೋರ್ಟೊ ಗೋಲಿನ ದಾರಿ ಸಿಗ್ಲೇ ಇಲ್ಲ, ಆ ಸೋಲು ನಂಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಾಕೊಂಡಿದೆ.

ಫೈನಲ್ ಮೇ 26, ಜರ್ಮನಿಯ ಗೆಲ್ಸೆನ್‌ಕಿರ್ಶೆನ್. 23ನೇ ನಿಮಿಷಕ್ಕೇ ಜೂಲಿ ಗಾಯ ಆಗಿ ಹೊರಗೆ, ಮೊನಾಕೊದ ಜೀವನೇ ಹೋಯ್ತು. ಪೋರ್ಟೊದ ಹತ್ತೊಂಬತ್ತು ವರ್ಷದ ಕಾರ್ಲೋಸ್ ಅಲ್ಬೆರ್ಟೊ, ಆಮೇಲೆ ಡೆಕೊ, ಆಮೇಲೆ ಅಲೆನಿಚೆವ್, 3-0. ಮೊರಿನ್ಯೊ ಮೆಡಲ್ ಹಾಕಿಸ್ಕೊಂಡು ತೆಗೆದ, ಕೆಲವೇ ದಿನದಲ್ಲಿ ಚೆಲ್ಸಿಗೆ ಹೋದ, ಕರ್ವಾಲ್ಯೊ, ಪಾವ್ಲೊ ಫೆರೇರಾ ಅವನ ಹಿಂದೆ, ಡೆಕೊ ಬಾರ್ಸಿಲೋನಾಗೆ. ಅದಾದ್ಮೇಲೆ ಇಲ್ಲೀವರೆಗೂ ಸ್ಪೇನ್, ಇಂಗ್ಲೆಂಡ್, ಇಟಲಿ, ಜರ್ಮನಿ, ಫ್ರಾನ್ಸ್ ಲೀಗುಗಳ ಹೊರಗಿನ ಒಂದು ಕ್ಲಬ್ಬೂ ಈ ಕಪ್ ಎತ್ತಿಲ್ಲ. ಡೆಪೊರ್ 2011ರಲ್ಲಿ ಮೊದಲ ಡಿವಿಷನ್ನಿಂದ ಬಿತ್ತು, 2020ರಲ್ಲಿ ಮೂರನೇ ಹಂತಕ್ಕೂ ಇಳೀತು, ಅಲ್ಲಿಂದ ಎರಡನೇ ಡಿವಿಷನ್ನಿಗೆ ಹತ್ತಿ ಬರೋಕೆ ನಾಲ್ಕು ವರ್ಷ ಹಿಡೀತು. ಆ ನಾಲ್ಕು ವರ್ಷ ಅವ್ರ ಸ್ಕೋರ್ ಹುಡುಕಿ ಹುಡುಕಿ ನೋಡ್ತಿದ್ದೆ, ನಮ್ಮಲ್ಲಿ ಯಾವ ಚಾನೆಲ್ಲೂ ತೋರಿಸ್ತಿರ್ಲಿಲ್ಲ.

ಇರುರೆಟಾ ಹರಕೆ ಮರೀಲಿಲ್ಲ. 2004 ಸಾಂತಿಯಾಗೊದಲ್ಲಿ ಪುಣ್ಯವರ್ಷ ಬೇರೆ, ಜುಲೈ 25ರ ಸಂತನ ಹಬ್ಬ ಭಾನುವಾರ ಬಂದ ವರ್ಷಕ್ಕೆ ಅಲ್ಲಿ ಹಾಗಂತಾರೆ. ಐವತ್ತಾರರ ಆಸುಪಾಸಿನ ಮನುಷ್ಯ, ಬೂಟು ಕಟ್ಟಿಕೊಂಡು, ಕೊಟ್ಟ ಮಾತಿನಂತೆ ಸಾಂತಿಯಾಗೊಗೆ ನಡ್ಕೊಂಡೇ ಹೋದ.